ರೈತನ ಹೊಲದಲ್ಲೇ, ರೈತನ ಕೈಯಲ್ಲೇ

ಕೇಳುಗರಿಗೆ ನಮಸ್ಕಾರ. ಅಮೆರಿಕದ ಕೌಂಟಿ ವಿಸ್ತರಣಾ ಕಚೇರಿಗಳ ಬಗ್ಗೆ ಮಾತಾಡಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಮಣ್ಣು ಪರೀಕ್ಷೆ ಬೇಕಾದರೆ ರೈತ ಈ ಕಚೇರಿಗೆ ಹೋಗುತ್ತಾನೆ. ಮಕ್ಕಳ ಕ್ಲಬ್ಬು ನಡೆಸುವುದೂ ಇದೇ ಕಚೇರಿ, ಅಡುಗೆ-ಆಹಾರದ ತರಗತಿಯೂ ಇದರದ್ದೇ. ಬೆನ್ನಿಗೆ ರಾಜ್ಯದ ವಿಶ್ವವಿದ್ಯಾಲಯ ಇರುತ್ತದೆ. ದುಡ್ಡು ಕೇಂದ್ರ, ರಾಜ್ಯ, ಕೌಂಟಿ ಮೂವರದ್ದೂ. 1914ರ ಸ್ಮಿತ್-ಲೀವರ್ ಕಾಯ್ದೆಯಿಂದ ಈ ಏರ್ಪಾಡು ದೇಶಕ್ಕೆಲ್ಲ ಬಂತು.

ಕಾಯ್ದೆ ಒತ್ತಟ್ಟಿಗಿರಲಿ. ನಾನು ಹೇಳಬೇಕೆಂದು ಬಂದಿರುವುದು ಒಂದೇ ಮಾತು. ಭಾಷಣ ಕೇಳಿ ರೈತ ಬದಲಾಗುವುದಿಲ್ಲ. ಅವನ ಹೊಲದಲ್ಲೇ, ಅವನ ಕೈಯಲ್ಲೇ ಮಾಡಿಸಬೇಕು.

ಇದನ್ನು ಅಮೆರಿಕದ ಕೃಷಿ ಇಲಾಖೆಯ ಸೀಮನ್ ನ್ಯಾಪ್ ಎಂಬ ಮುದುಕ ತೋರಿಸಿಕೊಟ್ಟ. 1903ರ ಮಾತು. ಟೆಕ್ಸಸ್‌ನಲ್ಲಿ ಹತ್ತಿಗೆ ಮೂತಿ ಹುಳು ಬಿದ್ದಿತ್ತು. ಮೆಕ್ಸಿಕೊ ಕಡೆಯಿಂದ ಬಂದ ಹುಳು, ಕಾಯಿಯನ್ನೇ ಕೊರೆದು ತಿನ್ನುತ್ತಿತ್ತು. ರೈತರು ಹೆದರಿದ್ದರು, ಸಾಲ ಕೊಟ್ಟ ವ್ಯಾಪಾರಿಗಳು ಇನ್ನೂ ಜಾಸ್ತಿ ಹೆದರಿದ್ದರು. ನ್ಯಾಪ್‌ಗೆ ಆಗ ಸುಮಾರು 70 ವರ್ಷ. ಸರ್ಕಾರಿ ಫಾರಂ ಮಾಡಿ ತೋರಿಸಿದರೆ ಏನಾಗುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. 'ಸರ್ಕಾರದ ದುಡ್ಡು, ಬೆಳೆಯದೆ ಏನು' ಅಂತ ರೈತ ಎದ್ದು ಹೋಗುತ್ತಾನೆ. ಸರಿಯಾಗೇ ಹೇಳುತ್ತಾನೆ ಅಲ್ವಾ? ಅದಕ್ಕೇ ಟೆರೆಲ್ ಎಂಬ ಊರಿನಲ್ಲಿ ನ್ಯಾಪ್ ಬೇರೆ ದಾರಿ ಹಿಡಿದ. ಊರಿನವರೇ ಹಣ ಕೂಡಿಸಿ ಒಂದು ನಿಧಿ ಮಾಡಿದರು. ವಾಲ್ಟರ್ ಪೋರ್ಟರ್ ಎಂಬ ರೈತ ತನ್ನ 70 ಎಕರೆಯಲ್ಲಿ ನ್ಯಾಪ್ ಹೇಳಿದಂತೆ ಬೇಸಾಯ ಮಾಡಬೇಕು. ನಷ್ಟವಾದರೆ ಈ ನಿಧಿಯಿಂದ ತುಂಬಿಕೊಡುತ್ತಾರೆ. ಲಾಭ ಬಂದರೆ ಪೂರಾ ಪೋರ್ಟರ್‌ಗೇ.

ನ್ಯಾಪ್ ಹೇಳಿದ್ದರಲ್ಲಿ ಮಾಯ-ಮಂತ್ರ ಏನೂ ಇಲ್ಲ. ಆಳವಾಗಿ ಉಳುಮೆ ಮಾಡಿ, ಒಳ್ಳೆ ಬೀಜ ಆರಿಸಿ, ಬೇಗ ಬಿತ್ತಿ, ಎಡೆಕುಂಟೆ ತಪ್ಪಿಸಬೇಡಿ. ಹುಳು ಹೆಚ್ಚುವ ಹೊತ್ತಿಗೆ ಹತ್ತಿ ಬಲಿತಿರಬೇಕು, ಅಷ್ಟೇ ಲೆಕ್ಕ. ವರ್ಷದ ಕೊನೆಗೆ ಪೋರ್ಟರ್ ನಿಧಿಯಿಂದ ಒಂದು ಕಾಸೂ ಕೇಳಲಿಲ್ಲ. ಹಳೇ ಪದ್ಧತಿಗಿಂತ 700 ಡಾಲರ್ ಜಾಸ್ತಿ ಸಿಕ್ಕಿತು ಎಂದ. ಆಮೇಲೆ ಯಾರೂ ಭಾಷಣ ಮಾಡಬೇಕಾಗಲಿಲ್ಲ. ಅಕ್ಕಪಕ್ಕದವರು ಬೇಲಿ ಹತ್ತಿರ ನಿಂತು ನೋಡಿದ್ದರು, ಅವನ ಲೆಕ್ಕವನ್ನೂ ಕೇಳಿದ್ದರು. 1906ರಲ್ಲಿ ಅದೇ ಟೆಕ್ಸಸ್‌ನ ಸ್ಮಿತ್ ಕೌಂಟಿಗೆ ಮೊದಲ ಕೌಂಟಿ ಏಜೆಂಟ್, ಅಂದರೆ ರೈತರ ಹೊಲಕ್ಕೇ ಹೋಗಿ ಹೀಗೆ ಮಾಡಿಸುವ ನೌಕರ, ಬಂದ.

ಪೋರ್ಟರ್ ಕಥೆ ಶುರುಮಾಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಗಡಿಯಾರ ಓಡುತ್ತಿದೆ, ಮಕ್ಕಳ ವಿಷಯ ಬೇಗ ಹೇಳಿಬಿಡುತ್ತೇನೆ. ಅಪ್ಪ ಕೇಳದಿದ್ದರೆ ಮಗನ ಕೈಗೆ ಬೀಜ ಕೊಡಿ. 1910ರಲ್ಲಿ ದಕ್ಷಿಣ ಕೆರೊಲೈನಾದ ಜೆರ್ರಿ ಮೂರ್ ಎಂಬ ಹುಡುಗ ಮುಸುಕಿನ ಜೋಳ ಬೆಳೆಯುವ ಹುಡುಗರ ಕ್ಲಬ್ಬಿಗೆ ಸೇರಿ, ಒಂದೇ ಎಕರೆಯಲ್ಲಿ 228 ಬುಷೆಲ್ ಜೋಳ ಬೆಳೆದ. ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ 58 ಕ್ವಿಂಟಲ್! ಅದೇ ರಾಜ್ಯದಲ್ಲಿ ಹುಡುಗಿಯರು ಟೊಮೆಟೊ ಬೆಳೆದು, ಡಬ್ಬಿಗೆ ತುಂಬಿ ಮಾರಿದರು. ಈ ಕಚೇರಿಗಳು ಇವತ್ತು ನಡೆಸುವ ಫೋರ್-ಎಚ್ ಎಂಬ ಮಕ್ಕಳ ಕ್ಲಬ್ಬುಗಳು ಇಂಥ ಕ್ಲಬ್ಬುಗಳಿಂದಲೇ ಬೆಳೆದವು. ಆರೋಗ್ಯದಲ್ಲೂ ಇದೇ ದಾರಿ. 1969ರಿಂದ ನಡೆಯುತ್ತಿರುವ ಆಹಾರ ಶಿಕ್ಷಣ ಕಾರ್ಯಕ್ರಮದಲ್ಲಿ ಪಾಠ ಹೇಳುವವರು ಹೆಚ್ಚಾಗಿ ಅದೇ ಬಡಾವಣೆಯ ಹೆಂಗಸರು. ಇರುವ ದುಡ್ಡಿನಲ್ಲೇ ಏನು ಕೊಂಡು ಏನು ಬೇಯಿಸಬೇಕು ಅಂತ ಜೊತೆಗೆ ನಿಂತು ಮಾಡಿಸುತ್ತಾರೆ.

ಇದು ನಮಗೆ ದೂರದ ಕಥೆಯೇನಲ್ಲ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಶುರುವಾಗಿದ್ದು ಇದೇ ಮಾದರಿಯಲ್ಲಿ. ಟೆನೆಸಿ ವಿಶ್ವವಿದ್ಯಾಲಯದವರು ಕೈಜೋಡಿಸಿದ್ದರು. ಪ್ರಾತ್ಯಕ್ಷಿಕೆ ಎಂಬ ಮಾತು ನಮ್ಮಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ. ಆದರೆ ರಸ್ತೆ ಪಕ್ಕ ಬೋರ್ಡ್ ನೆಟ್ಟು, ಫೋಟೋ ತೆಗೆಸಿ, ಟೀ ಕುಡಿದು ಹೋಗುವುದು ಪ್ರಾತ್ಯಕ್ಷಿಕೆ ಅಲ್ಲ ಸ್ವಾಮಿ! ಮುಂದಿನ ಸಲ ನಿಮ್ಮೂರಿಗೆ ಯಾರಾದರೂ ಅಧಿಕಾರಿ ಹೊಸ ತಳಿ ಹಿಡಿದು ಬಂದರೆ, ಯಾರ ಹೊಲದಲ್ಲಿ ಮಾಡಿದ್ದಾರೆ ಅಂತ ಕೇಳಿ. ಹೆಸರು ಹೇಳಿದರೆ ಆ ರೈತನ ಮನೆಗೆ ಹೋಗಿ, ಖರ್ಚು ಎಷ್ಟಾಯಿತು ಅಂತ ಅವನನ್ನೇ ವಿಚಾರಿಸಿ. ನಮಸ್ಕಾರ.