ಮಗುವಿನ ಕೈ ಮೇಲಿಂದ ನಿಮ್ಮ ಕೈ ತೆಗೆಯಿರಿ

ನಮಸ್ಕಾರ. ಮೂರು-ನಾಲ್ಕು ವರ್ಷದ ಮಕ್ಕಳ ತರಗತಿ ಕಣ್ಮುಂದೆ ತಂದುಕೊಳ್ಳಿ. ಎಲ್ಲರೂ ಬಣ್ಣದ ಕಾಗದ ಕತ್ತರಿಸಿ ಹೂವು ಮಾಡುತ್ತಿದ್ದಾರೆ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಒಂದು ಮಗುವಿನ ಪಕ್ಕ ಸಹಾಯಕಿ ಕೂತಿದ್ದಾರೆ. ಮಗುವಿನ ಕೈ ಮೇಲೆ ತಮ್ಮ ಕೈ ಇಟ್ಟು ಕತ್ತರಿ ಆಡಿಸುತ್ತಿದ್ದಾರೆ. ಮಗು ಕಿಟಕಿ ಕಡೆ ನೋಡುತ್ತಿದೆ. ಸಂಜೆ ಗೋಡೆ ಮೇಲೆ ಎಲ್ಲರ ಹೂವೂ ಇರುತ್ತೆ, ಆ ಮಗುವಿನ ಹೆಸರಿನ ಹೂವು ಮಾತ್ರ ಸಹಾಯಕಿ ಮಾಡಿದ್ದು.

ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯಬೇಕು ಅಂತ ಸ್ಪೇನ್‌ನಲ್ಲಿ ನಡೆದ ಯುನೆಸ್ಕೋ ಸಮ್ಮೇಳನದ 1994ರ ಸಲಮಾಂಕಾ ಘೋಷಣೆ ಜಗತ್ತಿಗೇ ಹೇಳಿತು. ಆದರೆ ಒಟ್ಟಿಗೆ ಕೂರಿಸಿದ ಮೇಲೂ ಮಗು ಹೀಗೆ ಒಂಟಿಯಾಗಿ ಉಳಿದುಬಿಡಬಹುದು. ಇದಕ್ಕೆ ದೊಡ್ಡ ಕಾರಣ ನಮ್ಮ ಅವಸರದ ಸಹಾಯ ಅಂತ ನಾನು ಖಂಡಿತವಾಗಿ ನಂಬುತ್ತೇನೆ. ಕೈ ಹಿಡಿದು ಮಾಡಿಸಿದಾಗ ಮಗುವಿನ ಸ್ನಾಯುಗಳು ಸುಮ್ಮನೆ ಹಿಂಬಾಲಿಸುತ್ತವೆ. ಸುಮ್ಮನಿದ್ದರೆ ಕೆಲಸ ಆಗುತ್ತೆ ಅನ್ನೋದನ್ನೇ ಮಗು ಕಲಿಯುತ್ತೆ. ಮಾತು ಬಾರದ ಮಗುವಾದರೆ 'ಬೇಡ' ಅನ್ನೋಕೂ ದಾರಿ ಇರೋದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಕತ್ತರಿಗಿಂತ ಕೆಳಗೆ, ಮಗುವಿನ ಪಾದ ನೋಡಿ. ಕಾಲು ನೇತಾಡುತ್ತಿದ್ದರೆ ದೇಹ ಬೀಳದಂತೆ ಹಿಡಿದುಕೊಳ್ಳೋದರಲ್ಲೇ ಶಕ್ತಿ ಮುಗಿಯುತ್ತೆ, ಬೆರಳಿಗೆ ಏನೂ ಉಳಿಯೋದಿಲ್ಲ. ಪಾದದಡಿ ಗಟ್ಟಿಯಾದ ಒಂದು ಪೆಟ್ಟಿಗೆ ಇಡಿ. ಮೇಜು ಮೊಣಕೈ ಮಟ್ಟಕ್ಕಿರಲಿ. ಅರ್ಧ ಸಮಸ್ಯೆ ಇಲ್ಲೇ ಬಗೆಹರಿದದ್ದುಂಟು.

ಆಮೇಲೆ ಕಾಗದ. ತೆಳು ಕಾಗದ ಕತ್ತರಿಯ ಬಾಯಲ್ಲಿ ಮಡಚಿಕೊಳ್ಳುತ್ತೆ, ಮಕ್ಕಳು ಸೋಲೋದು ಹೆಚ್ಚಾಗಿ ಇಲ್ಲೇ. ದಪ್ಪ ಕಾಗದವನ್ನು 2 ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಮೊದಲೇ ಕತ್ತರಿಸಿಡಿ, ಕತ್ತರಿ ಒಂದೇ ಸಲ ಮುಚ್ಚಿದರೂ ಒಂದು ತುಂಡು ಬೀಳಬೇಕು. ಬೆರಳಿಗೆ ಬಲ ಸಾಲದಿದ್ದರೆ ತಾನಾಗಿ ತೆರೆದುಕೊಳ್ಳುವ ಸ್ಪ್ರಿಂಗ್ ಕತ್ತರಿ ಕೊಡಿ. ಒಂದೇ ಕೈ ಆಡುವ ಮಗುವಿಗೆ ಪಟ್ಟಿಯನ್ನು ಮೇಜಿನ ಅಂಚಿಗೆ ಟೇಪ್ ಹಾಕಿ, ಪಟ್ಟಿ ಹೊರಗೆ ಚಾಚಿಕೊಂಡಿರಲಿ. ಎಡಗೈ ಮಗುವಿಗೆ ಎಡಗೈ ಕತ್ತರಿಯೇ ಬೇಕು, ಇದನ್ನು ಮರೆಯುವವರು ತುಂಬಾ ಜನ.

ಒಂದು ಮಾತು ಒತ್ತಿ ಹೇಳಬೇಕು: ಈ ಪಟ್ಟಿಗಳು 'ಆ ಮಗುವಿನ ಕೆಲಸ' ಆಗಬಾರದು. ಯಾರೋ ವೃತ್ತ ಕತ್ತರಿಸಲಿ, ಯಾರೋ ಪಟ್ಟಿ ತುಂಡು ಮಾಡಲಿ, ಎಲ್ಲವೂ ಸೇರಿ ಒಂದೇ ಚಿತ್ರವಾಗಲಿ. ತುಂಡುಗಳಿಲ್ಲದೆ ಹೂವಿಗೆ ದಳ ಇಲ್ಲ ಅನ್ನೋ ಹಾಗೆ ಚಟುವಟಿಕೆ ಕಟ್ಟಿದರೆ, ಪಕ್ಕದ ಮಕ್ಕಳು ತಾವಾಗೇ 'ಇನ್ನೊಂದು ಕೊಡು' ಅಂತ ಕೈ ಚಾಚುತ್ತಾರೆ.

ಈಗ ಕಷ್ಟದ ಭಾಗ, ಕಾಯೋದು. ಒಮ್ಮೆ ಹೇಳಿ, ಮನಸ್ಸಿನಲ್ಲೇ 10ರವರೆಗೆ ಎಣಿಸಿ. ನಾವು ಎರಡೇ ಸೆಕೆಂಡಿಗೆ 'ಕತ್ತರಿಸು ಪುಟ್ಟಾ, ಹಿಡ್ಕೋ, ಇಲ್ಲಿ ನೋಡು' ಅಂತ ಸುರಿಮಳೆ ಸುರಿಸುತ್ತೇವೆ. ಮಾತು ಅರ್ಥ ಮಾಡಿಕೊಳ್ಳಲು ಹೆಚ್ಚು ಹೊತ್ತು ಬೇಕಾದ ಮಗು ಪ್ರತಿ ಹೊಸ ಮಾತಿಗೂ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತೆ. ಎಣಿಸಿದ ಮೇಲೂ ಆಗದಿದ್ದರೆ ಬೆರಳು ತೋರಿಸಿ. ಆಮೇಲೆ ಚಿತ್ರದ ಕಾರ್ಡ್. ಆಮೇಲೆ ನಿಮ್ಮ ಕತ್ತರಿಯಲ್ಲಿ ಮಾಡಿ ತೋರಿಸಿ. ಮುಟ್ಟೋದು ಕಟ್ಟಕಡೆಗೆ, ಅದೂ ಮೊಣಕೈಗೆ ಮೆತ್ತಗೆ ಆಸರೆ ಕೊಟ್ಟರೆ ಸಾಕು. ಬೀಳುವ, ಉಸಿರು ಕಟ್ಟುವ, ಬಾಗಿಲಾಚೆ ಓಡುವ ಅಪಾಯವಿದ್ದಾಗ ಇದ್ಯಾವುದೂ ಅನ್ವಯಿಸೋದಿಲ್ಲ, ತಕ್ಷಣ ಹಿಡಿಯಿರಿ.

'ಇಪ್ಪತ್ತು ಮಕ್ಕಳಿದ್ದಾರೆ, 10 ಸೆಕೆಂಡ್ ಎಲ್ಲಿಂದ ತರೋದು?' ಅಂತ ಟೀಚರ್‌ಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆ ಹೊತ್ತಿನಲ್ಲಿ ನೀವು ಇನ್ನೊಂದು ಮಗುವಿನ ಕಡೆ ತಿರುಗಬಹುದು, ನಿಮ್ಮ ಕಣ್ಣು ತಪ್ಪಿದಾಗಲೇ ಎಷ್ಟೋ ಮಕ್ಕಳು ಪ್ರಯತ್ನಿಸುತ್ತಾರೆ. ಆದರೆ ಒಬ್ಬರೇ ಟೀಚರ್ ಎಲ್ಲವನ್ನೂ ನಿಭಾಯಿಸಲಿ ಅನ್ನೋದು ಅನ್ಯಾಯ. ಇನ್ನೊಬ್ಬರು ಬೇಕೇ ಬೇಕು, ಶಾಲೆಯನ್ನು ಕೇಳಿ. ಬಂದವರನ್ನು ಒಂದು ಮಗುವಿಗೆ ಅಂಟಿಸದೆ, ಒಂದು ಮೇಜಿನ ಜವಾಬ್ದಾರಿ ಕೊಡಿ. ದೊಡ್ಡವರು ಸದಾ ಪಕ್ಕದಲ್ಲಿದ್ದರೆ ಗೆಳೆಯರು ಹತ್ತಿರ ಸುಳಿಯೋದಿಲ್ಲ.

ಗೆಳೆಯರಿಗೂ 'ಅವಳಿಗೆ ಸಹಾಯ ಮಾಡು' ಅಂತ ಹೇಳಬೇಡಿ, ಅವರೂ ನಮ್ಮ ಹಾಗೆ ಕತ್ತರಿ ಕಿತ್ತುಕೊಳ್ಳುತ್ತಾರೆ. 'ಎರಡು ಬಣ್ಣ ತೋರಿಸು, ಅವಳು ಒಂದನ್ನು ನೋಡೋವರೆಗೆ ಕಾಯಿ' ಅನ್ನಿ. ನಾಲ್ಕು ವರ್ಷದ ಮಗು ಇದನ್ನು ಚೆನ್ನಾಗಿ ಮಾಡುತ್ತೆ.

ಮೇಜಿನ ಮೇಲೊಂದು ಚೀಟಿ ಇಟ್ಟುಕೊಂಡು, ಇವತ್ತು ಯಾವ ಹಂತದ ನೆರವು ಬೇಕಾಯಿತು ಅಂತ ಒಂದೇ ಪದ ಬರೆಯಿರಿ: ಮೊಣಕೈ, ಕಾರ್ಡ್, ಬೆರಳು. ಎರಡು ವಾರ 'ಮೊಣಕೈ' ಅಂತಲೇ ಇದ್ದರೆ ಮತ್ತೊಮ್ಮೆ ಕುರ್ಚಿ, ಕಾಗದ, ಕತ್ತರಿ ನೋಡಿ.