ಸುಣ್ಣ ಹೊಡೆದರೆ ಹೋಗುತ್ತದೆಯೇ?

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಡಗಿನ ಕಕ್ಕಬ್ಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿರುವ ನಾಲ್ಕುನಾಡು ಅರಮನೆಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. 1790ರ ದಶಕದಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. 1834ರಲ್ಲಿ ಇಂಗ್ಲಿಷರ ಸೈನ್ಯ ಬಂದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಹೋಗಿ ಸೇರಿಕೊಂಡದ್ದೂ ಅಲ್ಲಿಗೇ. ಏಳನೇ ತರಗತಿಯ ಪ್ರವಾಸದಲ್ಲಿ ನಾನೂ ಹೋಗಿದ್ದೆ. ಜೇಬಿನಲ್ಲಿ ಕೈವಾರವಿತ್ತು. ಉಳಿದವರು ಕೆತ್ತನೆಯ ಕಂಬಗಳನ್ನು ನೋಡುತ್ತಿದ್ದಾಗ ನಾನು ಗೋಡೆಯ ಮೂಲೆಯಲ್ಲಿ ನನ್ನ ಹೆಸರನ್ನು ಕೊರೆದೆ, ಕೆಳಗೆ ಊರಿನ ಹೆಸರನ್ನೂ. ಅವಸರದಲ್ಲಿ ಒಂದು ಒತ್ತಕ್ಷರ ತಪ್ಪಿತು. ಇಪ್ಪತ್ತು ವರ್ಷಗಳ ಬಳಿಕ, ಚಿತ್ರಕಲಾ ಶಿಕ್ಷಕನಾಗಿ ಮಕ್ಕಳನ್ನು ಕರೆದುಕೊಂಡು ಹೋದಾಗ ಆ ತಪ್ಪು ಒತ್ತಕ್ಷರ ನನಗಾಗಿ ಕಾದಿತ್ತು. ಮಕ್ಕಳು ಆ ಮೂಲೆಗೆ ಬರದಂತೆ ಅಡ್ಡ ನಿಂತೆ.

ಗೋಡೆಯ ಮೇಲಿನ ಬರಹ ಕಲೆಯೋ ಅಪರಾಧವೋ ಎಂದು ಮಾತಾಡಲು ಆಕಾಶವಾಣಿಯವರು ಕರೆದಾಗ ಮೊದಲು ನೆನಪಾದದ್ದು ಆ ಮೂಲೆಯೇ. ಗ್ರಾಫಿಟಿ ಎಂಬ ಇಟಾಲಿಯನ್ ಪದದ ಬೇರಿನಲ್ಲಿರುವುದು ಗೀರುವ, ಕೆರೆಯುವ ಅರ್ಥ. ನಮ್ಮ ‘ಗೀಚು’ ಅದಕ್ಕೆ ಹೇಳಿ ಮಾಡಿಸಿದ ಜೋಡಿ.

2015ರಲ್ಲಿ ಬೆಂಗಳೂರಿನ ಒಂದು ರಸ್ತೆಯ ಗುಂಡಿಯಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಮೊಸಳೆಯನ್ನು ಮಲಗಿಸಿದರು. ಸುತ್ತ ಹಸಿರು ಬಣ್ಣದ ನೀರು. ಊರೆಲ್ಲ ನಕ್ಕಿತು, ಗುಂಡಿ ಮುಚ್ಚಿತು. ಅದು ಕಲೆ ಎನ್ನಲು ನನಗೆ ಅರೆಗಳಿಗೆಯೂ ಬೇಕಿಲ್ಲ. ಅನುಮತಿ ಚೀಟಿ ಇತ್ತೇ ಎಂದು ಕೇಳುವುದು ಪೊಲೀಸರ ಕೆಲಸ. ನಾನು ಕೇಳುವುದು ಬೇರೆ: ಸುಣ್ಣ ಹೊಡೆದರೆ ಹೋಗುತ್ತದೆಯೇ? ಹೋಗುವುದಾದರೆ, ಸುಣ್ಣದ ಖರ್ಚು ಯಾರ ತಲೆಗೆ? ಬೆಳಿಗ್ಗೆ ಬಾಗಿಲು ತೆರೆಯಲು ಬಂದ ಅಂಗಡಿಯವನ ತಲೆಗಾದರೆ ಎಂಥ ಸೊಗಸಾದ ಚಿತ್ರವೂ ಅವನಿಗೆ ದಂಡವೇ. (ಮೂಲವ್ಯಾಧಿ ಚಿಕಿತ್ಸೆಯ ಜಾಹೀರಾತುಗಳನ್ನು ಮಾತ್ರ ಯಾರೂ ಗ್ರಾಫಿಟಿ ಎನ್ನುವುದಿಲ್ಲ, ಅವುಗಳ ಪುಣ್ಯ.)

ಸುಣ್ಣ ಹೊಡೆದರೂ ಗೀಚಿದ್ದು ಹೋಗದ ಗೋಡೆಗಳಿವೆ. ಮಡಿಕೇರಿ ಕೋಟೆಯೊಳಗಿನ ಆ ಎರಡು ಆನೆಗಳನ್ನೇ ನೋಡಿ, ಗಾರೆಯ ಆನೆಗಳು. ಹಳೆಯ ಸುಣ್ಣದ ಗಾರೆ ನಮ್ಮ ಮಳೆಗಾಲದಲ್ಲಿ ತೇವ ಹೀರಿ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಅದರ ಮೇಲೆ ಎಣ್ಣೆಬಣ್ಣ ಬಳಿದರೆ ತೇವ ಒಳಗೇ ಉಳಿದು ಗಾರೆ ಹಕ್ಕಳೆಗಟ್ಟಿ ಉದುರುತ್ತದೆ. ಬಣ್ಣ ಕೆರೆಯಲು ಹೋದರೆ ಗಾರೆಯೂ ಕಿತ್ತು ಬರುತ್ತದೆ. ರಾಷ್ಟ್ರೀಯ ಸ್ಮಾರಕಗಳನ್ನು ಹಾಳುಗೆಡವಿದವರಿಗೆ 1958ರ ಕಾಯಿದೆಯಲ್ಲಿ ಮೂರು ತಿಂಗಳವರೆಗಿನ ಸಜೆ, ಐದು ಸಾವಿರ ರೂಪಾಯಿಯವರೆಗಿನ ದಂಡ, ಇಲ್ಲವೇ ಎರಡೂ, ಅಷ್ಟೇ ಇತ್ತು. 2010ರ ತಿದ್ದುಪಡಿ ಅದನ್ನು ಎರಡು ವರ್ಷದವರೆಗೆ, ದಂಡವನ್ನು ಒಂದು ಲಕ್ಷ ರೂಪಾಯಿಯವರೆಗೆ ಏರಿಸಿತು. ಹೆಚ್ಚಾಯಿತು ಎಂದು ನನಗನ್ನಿಸುವುದಿಲ್ಲ, ಕೈವಾರದ ಹುಡುಗನನ್ನು ನೆನೆದೂ.

ಬಿದಿರಿನ ಕಥೆ ಇನ್ನೂ ಕಷ್ಟ. ಕುಶಾಲನಗರದ ಬಳಿಯ ನಿಸರ್ಗಧಾಮದಲ್ಲಿ ಕೈಗೆಟಕುವ ಬಿದಿರಿನ ಮೇಲೆಲ್ಲ ಹೆಸರು, ಬಾಣ ನೆಟ್ಟ ಹೃದಯ. ಬಿದಿರು ಮರದಂತೆ ವರ್ಷವರ್ಷವೂ ದಪ್ಪವಾಗುವುದಿಲ್ಲ. ನಾವು ಬೈಂಬಳೆ ಕರಿ ಮಾಡುವ ಕಳಲೆ, ಅಂದರೆ ಬಿದಿರಿನ ಮೊಳಕೆ, ನೆಲದಿಂದ ಏಳುವಾಗ ಎಷ್ಟು ದಪ್ಪವೋ ಅಷ್ಟೇ. ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ. ಗಾಯ ಮುಚ್ಚಲು ಅದರಲ್ಲಿ ಹೊಸ ತೊಗಟೆ ಹುಟ್ಟುವುದಿಲ್ಲ. ಪ್ರೀತಿ ಮುರಿದುಬಿದ್ದರೂ ಬಿದಿರು ಸಾಯುವತನಕ ಹೃದಯ ಅಲ್ಲಿಯೇ.

ಇಷ್ಟು ಹೇಳಿ ಗೆದ್ದೆ ಎಂದುಕೊಳ್ಳುವಾಗ ಶ್ರೀಲಂಕಾದ ಸಿಗಿರಿಯ ಎಂಬ ಹಳೆಯ ಬಂಡೆಕೋಟೆ ಅಡ್ಡ ಬರುತ್ತದೆ. ಅಲ್ಲಿನ ‘ಕನ್ನಡಿ ಗೋಡೆ’ಯೂ ನಯಗೊಳಿಸಿದ ಸುಣ್ಣದ ಗಾರೆಯೇ. ಸಾವಿರ ವರ್ಷಗಳ ಹಿಂದೆ ಬೆಟ್ಟ ಹತ್ತಿದವರು ಬಂಡೆಯ ಮೇಲಿನ ಚಿತ್ರಸುಂದರಿಯರನ್ನು ನೋಡಿ, ಆ ಗೋಡೆಯ ಮೇಲೆ ಪದ್ಯ ಗೀಚಿದರು. ವಿದ್ವಾಂಸ ಪರಣವಿತಾನರು 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಸಿಂಹಳ ಸಾಹಿತ್ಯಕ್ಕೆ ಅದೊಂದು ನಿಧಿ. ಅದೇ ಗೋಡೆಯ ಮೇಲೆ ಗೀಚಿದ ಯುವತಿಯೊಬ್ಬಳಿಗೆ 2015ರಲ್ಲಿ ಎರಡು ವರ್ಷ ಜೈಲಾಯಿತು. ಆಮೇಲೆ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತೆನ್ನಿ. ಗೋಡೆ ಒಂದೇ, ಗೀರು ಒಂದೇ. ಹಳೆಯವರು ಸುಮ್ಮನೆ ಹೆಸರು ಬರೆಯದೆ ಪದ್ಯ ಬರೆದರು ಎಂದು ಜಾರಿಕೊಳ್ಳಬಹುದು. ಆದರೆ ಅಲ್ಲಿ ನನ್ನ ಸುಣ್ಣದ ಲೆಕ್ಕ ತಪ್ಪುತ್ತದೆ, ಒಪ್ಪಿಕೊಳ್ಳುತ್ತೇನೆ.

ನಿವೃತ್ತನಾದ ಮೇಲೆ ರಸ್ತೆ ಬದಿಯ ನನ್ನ ಮನೆಯ ಸಿಮೆಂಟ್ ಕಾಂಪೌಂಡನ್ನು ಕೇರಿಯ ಮಕ್ಕಳಿಗೆ ಬಿಟ್ಟುಕೊಟ್ಟಿದ್ದೇನೆ. ಏನು ಬರೆಯಬೇಕೆಂದು ಹೇಳುವುದಿಲ್ಲ. ಹೋದ ವರ್ಷ ಕಾಫಿ ತೋಟದ ಬೇಲಿಯ ಮುಂದೆ ನಿಂತ ಆನೆಯನ್ನು ಬರೆದು, ಅದರ ಬಾಯಲ್ಲಿ ‘ನನ್ನ ದಾರಿ ಎಲ್ಲಿ?’ ಎಂದು ಕೇಳಿಸಿದ್ದರು. ತೋಟ ಇರುವ ನೆಂಟರೊಬ್ಬರು ಅದನ್ನು ಓದಿ ಕಾಫಿ ಕುಡಿಯದೆ ಹೋದರು. ಗೇಟಿಗೆ ಬಣ್ಣ ಸಿಡಿದದ್ದಕ್ಕೆ ಪಕ್ಕದ ಮನೆಯವರು ಮೂರು ದಿನ ಮಾತು ಬಿಟ್ಟರು. ಕಕ್ಕಡ ತಿಂಗಳ ಜಡಿಮಳೆಗೆ ಸೊಂಡಿಲಿನಿಂದ ಪಾಚಿ ಹತ್ತತೊಡಗಿತು. ತಿಂಗಳೊಳಗೆ ಆನೆ ಪೂರ್ತಿ ಹಸಿರಾಯಿತು, ಪ್ರಶ್ನೆಚಿಹ್ನೆಯೊಂದು ಉಳಿಯಿತು. ತುಲಾ ಸಂಕ್ರಮಣ ಕಳೆದ ಮೇಲೆ ಅದನ್ನೂ ಉಜ್ಜಿ, ಸುಣ್ಣ ಹೊಡೆಸಿದ್ದೇನೆ. ಗೋಡೆ ಒಣಗುತ್ತಿದೆ. ಮಕ್ಕಳು ದಿನಕ್ಕೆರಡು ಸಲ ಬಂದು ಮುಟ್ಟಿ ನೋಡಿ ಹೋಗುತ್ತಿದ್ದಾರೆ.

ನಮಸ್ಕಾರ.