ಕೊರಳಿನ ನಾಳದಲ್ಲಿ ‘ಎಪ್ಪತ್ತು ಪರ್ಸೆಂಟ್ ಬ್ಲಾಕ್’: ಆ ಅಂಕಿಯನ್ನು ಓದುವ ಬಗೆ

ಕತ್ತಿನ ನಾಳದ ಡಾಪ್ಲರ್ (ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್) ರಿಪೋರ್ಟು ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಶೇಕಡಾವಾರು ಅಂಕಿಯ ಮೇಲೆ. ‘ಎಪ್ಪತ್ತು ಪರ್ಸೆಂಟ್ ಅಂತೆ ಡಾಕ್ಟ್ರೇ, ಆಪರೇಷನ್ ಬೇಕಾ?’ ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆಯೇ ಇದೆ. ಈ ನಾಳ ಈಗಾಗಲೇ ಏನಾದರೂ ತೊಂದರೆ ಕೊಟ್ಟಿದೆಯೇ? ಕೊಟ್ಟು ಎಷ್ಟು ದಿನವಾಯಿತು?

ಕತ್ತಿನ ಎರಡೂ ಬದಿ ಬೆರಳಿಟ್ಟರೆ ಮಿಡಿಯುವ ನಾಳವೇ ಕ್ಯಾರೊಟಿಡ್. ಧ್ವನಿಪೆಟ್ಟಿಗೆಯ ಮೇಲಂಚಿನ ಮಟ್ಟದಲ್ಲಿ ಅದು ಕವಲೊಡೆಯುತ್ತದೆ. ಒಳಗವಲು ಮಿದುಳಿಗೂ ಕಣ್ಣಿಗೂ, ಹೊರಗವಲು ಮುಖಕ್ಕೆ. ಕವಲಿನ ಬುಡ ಸ್ವಲ್ಪ ಉಬ್ಬಿಕೊಂಡಿದ್ದು, ಅಲ್ಲಿ ರಕ್ತ ನೇರವಾಗಿ ಹರಿಯದೆ ಸುಳಿಯುತ್ತದೆ. ಕೊಬ್ಬಿನ ಪ್ಲಾಕ್ (ಜಿಡ್ಡಿನ ಗಟ್ಟಿ ಪದರ) ಕೂರುವುದು ಆ ಜಾಗದಲ್ಲೇ. ನಾಳ ಕಟ್ಟಿಕೊಂಡು ಮಿದುಳಿಗೆ ರಕ್ತ ಸಾಲದೆ ಲಕ್ವ ಹೊಡೆಯುತ್ತದೆ ಎಂಬ ಊಹೆ ಬಹುಮಟ್ಟಿಗೆ ತಪ್ಪು. ಪ್ಲಾಕಿನ ಮೇಲ್ಪದರ ಬಿರಿದು, ಅಲ್ಲಿ ಹೆಪ್ಪುಗಟ್ಟಿ, ಅದರ ಚೂರು ತೇಲಿಹೋಗಿ ಮಿದುಳಿನ ಸಣ್ಣ ನಾಳಕ್ಕೆ ಸಿಕ್ಕಿಕೊಳ್ಳುವುದೇ ಹೆಚ್ಚು.

ಹಾಗಾಗಿ ಲಕ್ಷಣಕ್ಕೆ ಬದಿ ಇರುತ್ತದೆ. ಬಲ ನಾಳದ ಚೂರು ಮಿದುಳಿಗೆ ಹೋದರೆ ಎಡಗೈ, ಎಡಗಾಲು ಸೋಲುತ್ತವೆ. ಕಣ್ಣಿಗೆ ಹೋದರೆ ಬಲಗಣ್ಣಿಗೇ ಪರದೆ ಇಳಿದ ಹಾಗಾಗಿ, ಕೆಲವು ನಿಮಿಷದಲ್ಲಿ ತೆರವಾಗುತ್ತದೆ. ಎಡ ನಾಳವಾದರೆ ಮಾತೂ ತೊಡರಬಹುದು. ಬರೀ ತಲೆಸುತ್ತು, ಎದ್ದು ನಿಂತಾಗ ಕಣ್ಣು ಕತ್ತಲೆ, ಮೂರ್ಛೆ ಇವು ಕ್ಯಾರೊಟಿಡ್ ಲಕ್ಷಣಗಳಲ್ಲ. ತಲೆಸುತ್ತಿಗೆಂದು ಡಾಪ್ಲರ್ ಮಾಡಿಸಿ, ಸಂಬಂಧವಿಲ್ಲದ ಪ್ಲಾಕ್ ಕಂಡು ಗಾಬರಿಯಾಗುವವರು ಕಡಿಮೆಯೇನಿಲ್ಲ. ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಎಲ್ಲರಿಗೂ ಈ ಪರೀಕ್ಷೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ.

ಐದು ನಿಮಿಷ ಕೈ ಎತ್ತಲಾಗದೆ ಆಮೇಲೆ ಸರಿಹೋದರೆ ‘ನರ ಹಿಡಿದಿತ್ತು’ ಎಂದು ಸುಮ್ಮನಾಗುತ್ತೇವೆ. ಅದು ಟಿಐಎ, ಮಿನಿ ಸ್ಟ್ರೋಕ್. ನಿಜವಾದ ಲಕ್ವದ ಅಪಾಯ ಅತಿ ಹೆಚ್ಚಿರುವುದು ಅದರ ಮೊದಲ ಎರಡು ದಿನ, ಆಮೇಲೆ ಎರಡು ವಾರ. ಕೈ ಸರಿಹೋಗಿದ್ದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಸಿಟಿ ಸ್ಕ್ಯಾನಿನಲ್ಲಿ ರಕ್ತಸ್ರಾವ ಇಲ್ಲವೆಂದು ಖಚಿತವಾಗುವ ಮುನ್ನ ಮನೆಯಲ್ಲೇ ಆಸ್ಪಿರಿನ್ ನುಂಗುವುದು ಬೇಡ.

ಇನ್ನು ಅಂಕಿಗೆ ಬರೋಣ. ಡಾಪ್ಲರ್ ಅಳೆಯುವುದು ಮುಖ್ಯವಾಗಿ ರಕ್ತದ ವೇಗ. ಕಿರಿದಾದಷ್ಟೂ ವೇಗ ಏರುತ್ತದೆ. ಒಳಗವಲಿನ ಗರಿಷ್ಠ ವೇಗ ಸೆಕೆಂಡಿಗೆ 125 ಸೆಂ.ಮೀ. ಒಳಗಿದ್ದರೆ ನಾಳ ಕಿರಿದಾಗಿರುವುದು ಶೇ. 50ಕ್ಕಿಂತ ಕಡಿಮೆ, 125ರಿಂದ 230ರವರೆಗೆ ಶೇ. 50–69, 230 ದಾಟಿದರೆ ಶೇ. 70 ಅಥವಾ ಹೆಚ್ಚು. ಕೆಳಗಿನ ಮೂಲ ನಾಳದ ವೇಗಕ್ಕಿಂತ ನಾಲ್ಕು ಪಟ್ಟು ಮೀರಿದರೂ ಶೇ. 70 ದಾಟಿದೆ ಎಂದೇ ಅರ್ಥ. ಎಡವುವುದು ಎಲ್ಲಿ? ನಾಳ ದಾರದಷ್ಟು ಸಣ್ಣಗಾದಾಗ ವೇಗ ಇಳಿದುಬಿಡುತ್ತದೆ. ಅಂಕಿ ನಂಬಿದವರು ಮೋಸಹೋಗುತ್ತಾರೆ. ಆಚೆ ಬದಿ ಪೂರ್ತಿ ಮುಚ್ಚಿದ್ದರೆ ಈ ಬದಿಯ ವೇಗ ಸುಳ್ಳಾಗಿ ಏರುತ್ತದೆ. ಸುಣ್ಣಗಟ್ಟಿದ ಪ್ಲಾಕ್ ನೆರಳು ಬೀಳಿಸುತ್ತದೆ. ಅಲ್ಟ್ರಾಸೌಂಡ್ ಅಲೆಗೂ ರಕ್ತದ ಹರಿವಿಗೂ ನಡುವಿನ ಕೋನ 60 ಡಿಗ್ರಿ ಮೀರಿದರೆ ಲೆಕ್ಕವೇ ಕೆಡುತ್ತದೆ. ಅದಕ್ಕೇ ಆಪರೇಷನ್ ನಿರ್ಧಾರಕ್ಕೆ ಮುನ್ನ ಸಿಟಿ ಅಥವಾ ಎಂಆರ್ ಆಂಜಿಯೋಗ್ರಾಂ (ರಕ್ತನಾಳಗಳ ಸ್ಕ್ಯಾನ್) ಬೇಕು, ಅದೂ ತಲೆಬುರುಡೆಯೊಳಗಿನ ನಾಳಗಳನ್ನೂ ಸೇರಿಸಿ. ನಮ್ಮ ದೇಶದವರಲ್ಲಿ ಅಲ್ಲಿನ ಕಿರಿದಾಗುವಿಕೆ ಪಾಶ್ಚಾತ್ಯರಿಗಿಂತ ಹೆಚ್ಚು. ಚಿಕ್ಕ ವಯಸ್ಸಿನ ಹೆಂಗಸಿಗೆ ಕೈನಾಡಿ ಸಿಗದೆ, ಮೂಲ ನಾಳವೇ ಉದ್ದಕ್ಕೂ ದಪ್ಪಗಾಗಿದ್ದರೆ ತಕಯಾಸು ಕಾಯಿಲೆ (ದೊಡ್ಡ ರಕ್ತನಾಳಗಳ ಗೋಡೆಯ ಉರಿಯೂತ) ನೆನಪಾಗಲಿ. ಅದರ ದಾರಿ ಬೇರೆ.

ಎಪ್ಪತ್ತರ ಗೆರೆಗೆ ಇಷ್ಟು ತೂಕ ಬಂದದ್ದು 1991ರ ಉತ್ತರ ಅಮೆರಿಕದ ನಾಸೆಟ್ ಅಧ್ಯಯನದಿಂದ. ಶೇ. 70–99 ಕಿರಿದಾಗಿ ಲಕ್ಷಣವೂ ಕಾಣಿಸಿಕೊಂಡಿದ್ದವರಲ್ಲಿ, ಬರೀ ಔಷಧ ಪಡೆದವರಿಗೆ ಎರಡು ವರ್ಷದಲ್ಲಿ ಅದೇ ಬದಿಯ ಸ್ಟ್ರೋಕ್ ಶೇ. 26, ಆಪರೇಷನ್ ಆದವರಿಗೆ ಶೇ. 9. ಹಾಗಾಗಿ ಲಕ್ಷಣವಿದ್ದು ಶೇ. 70 ದಾಟಿದ್ದರೆ ಎರಡು ವಾರದೊಳಗೆ ಆಪರೇಷನ್ ಮುಗಿಯಬೇಕು. ಮೂರು ತಿಂಗಳು ಕಾದರೆ ಲಾಭದ ಬಹುಪಾಲು ಸೋರಿಹೋಗಿರುತ್ತದೆ. ಲಕ್ಷಣವೇ ಇಲ್ಲದವರಿಗೆ ಅವಸರವಿಲ್ಲ. ಆ ಆಸ್ಪತ್ರೆಯಲ್ಲಿ ಆಪರೇಷನ್ನಿನಿಂದಲೇ ಸ್ಟ್ರೋಕ್ ಅಥವಾ ಸಾವು ಶೇ. 3 ಮೀರುವುದಾದರೆ ಅವರು ಅತ್ತ ಸುಳಿಯದಿರುವುದೇ ಲೇಸು. ಲಕ್ಷಣವಿದ್ದವರಿಗೆ ಮಿತಿ ಶೇ. 6. ನಾಳ ಪೂರ್ತಿ ಮುಚ್ಚಿಹೋಗಿದ್ದರೆ ಸಾಮಾನ್ಯವಾಗಿ ಅದನ್ನು ತೆರೆಯಲು ಹೋಗುವುದಿಲ್ಲ.

ಆಪರೇಷನ್ ಎಂದರೆ ಪ್ಲಾಕನ್ನು ಒಳಪದರದ ಸಮೇತ ಸುಲಿದು ತೆಗೆಯುವುದು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟ ಮೇಲೆ ಕ್ಲ್ಯಾಂಪ್ (ನಾಳ ಅದುಮುವ ಚಿಮ್ಮಟ) ಮೊದಲು ಒಳಗವಲಿಗೆ, ಚೂರು ಮೇಲೇರದಿರಲಿ ಎಂದು. ಆಮೇಲೆ ಮೂಲ ನಾಳಕ್ಕೆ, ಹೊರಗವಲಿಗೆ. ಮಿದುಳಿಗೆ ರಕ್ತ ಸಾಲದಿದ್ದರೆ ಷಂಟ್ ಎಂಬ ಕೊಳವೆ ಇಡುತ್ತಾರೆ. ಹೊಲಿಗೆಗೆ ಪ್ಯಾಚ್ (ನಾಳ ಅಗಲವಾಗಿಸುವ ತೇಪೆ) ಹಚ್ಚದಿದ್ದರೆ ಮತ್ತೆ ಕಿರಿದಾಗುವ ಸಂಭವ ಜಾಸ್ತಿ. ಕ್ಲ್ಯಾಂಪ್ ಬಿಡುವಾಗ ಒಳಗವಲಿನದು ಕೊನೆಯಲ್ಲಿ: ಉಳಿದ ಗಾಳಿ, ಕಸ ಮುಖದ ಕಡೆ ಹೋಗಲಿ, ಮಿದುಳಿಗೆ ಬೇಡ. ಪಕ್ಕದ ನರಗಳು ಎಳೆದಾಡಿಸಿಕೊಂಡರೆ ನಾಲಿಗೆ ಓರೆಯಾಗಬಹುದು, ದನಿ ಒಡೆಯಬಹುದು. ಹೆಚ್ಚಿನವರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುತ್ತದೆ.

ನಾಳವನ್ನು ಒಳಗಿನಿಂದ ಹಿಗ್ಗಿಸಿಡುವ ಜಾಲರಿ ಕೊಳವೆಯಾದ ಸ್ಟೆಂಟಿಗೆ ಕತ್ತು ಕೊಯ್ಯಬೇಕಿಲ್ಲ. 2010ರ ಕ್ರೆಸ್ಟ್ ಅಧ್ಯಯನದಲ್ಲಿ ಸ್ಟೆಂಟಿನ ಆಸುಪಾಸಿನ ದಿನಗಳಲ್ಲಿ ಸ್ಟ್ರೋಕ್ ಹೆಚ್ಚು, ಆಪರೇಷನ್ನಿನಲ್ಲಿ ಹೃದಯಾಘಾತ ಹೆಚ್ಚು ಕಂಡವು. ವಯಸ್ಸು ಸುಮಾರು 70 ದಾಟಿದವರಿಗೆ ಆಪರೇಷನ್ನೇ ವಾಸಿ. ಹಿಂದೆ ಕತ್ತಿಗೆ ರೇಡಿಯೇಷನ್ ಆಗಿದ್ದರೆ, ಸುಲಿದ ನಾಳ ಮತ್ತೆ ಕಿರಿದಾಗಿದ್ದರೆ ಸ್ಟೆಂಟ್ ಮೇಲು. ಬಲೂನ್ ಉಬ್ಬಿಸಿದಾಗ ನಾಡಿ ತಟ್ಟನೆ ಕುಸಿಯಬಹುದಾದ್ದರಿಂದ ನಾಡಿ ಏರಿಸುವ ಅಟ್ರೋಪಿನ್ ಕೈಗೆಟುಕುವಂತಿರಬೇಕು. ಆಮೇಲೆ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಕನಿಷ್ಠ ನಾಲ್ಕು ವಾರ.

ಯಾವ ದಾರಿ ಹಿಡಿದರೂ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ತಪ್ಪದು. ಕೆಟ್ಟ ಕೊಲೆಸ್ಟ್ರಾಲ್ ಎನಿಸಿದ ಎಲ್‌ಡಿಎಲ್ 70ರ ಕೆಳಗಿರಬೇಕು. ಬೀಡಿ, ಸಿಗರೇಟು ನಿಲ್ಲಬೇಕು.

ಮನೆಗೆ ಹೋದ ಮೊದಲ ವಾರ, ಎರಡು ವಾರ ಬಿ.ಪಿ. ದಿನವೂ ನೋಡಿಸಿ. ಆಪರೇಷನ್ ಆದ ಬದಿಯಲ್ಲೇ ಜೋರು ತಲೆನೋವು, ಬಿ.ಪಿ. ಏರಿಕೆ, ಫಿಟ್ಸ್ ಬಂದರೆ, ಬಹುಕಾಲ ಕಡಿಮೆ ರಕ್ತಕ್ಕೆ ಒಗ್ಗಿದ್ದ ಮಿದುಳಿಗೆ ಒಮ್ಮೆಲೇ ರಕ್ತ ನುಗ್ಗಿದೆ ಎಂದರ್ಥ. ತಡವಾದರೆ ಒಳಗೇ ರಕ್ತಸ್ರಾವವಾಗಬಹುದು. ತಲೆನೋವಿನ ಮಾತ್ರೆ ನುಂಗಿ ಮಲಗಬೇಡಿ, 108ಕ್ಕೆ ಫೋನ್ ಮಾಡಿ.